ಲಾಂಡ್ರಿ ಕಟ್ಟಡದ ಹಿತ್ತಾಳೆ ಬೀಗ

"ನಾನು ಬೀಗ ಹಾಕಿದ ಬಾಗಿಲ ಹಿಂದೆ ಇನ್ನು ಯಾವತ್ತೂ ಒಂದು ಜೀವ ಉಳಿಯೋದಿಲ್ಲ, ತಾಯಿ."

ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಒಬ್ಬ ಮುದುಕಿಯ ಅಡುಗೆಮನೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತು ರೂಫಸ್ ಟಾಲಿವರ್ ಕೊಟ್ಟ ಮಾತು ಇದು. ಅವನನ್ನು ಅಲ್ಲಿಗೆ ಕರೆದೊಯ್ದವಳು ನಾನು. ಆ ಮುದುಕಿಯ ಮಗಳು ಕೌಂಟಿ ಸರ್ಕಾರದ ಕಟ್ಟಡವೊಂದರಲ್ಲಿ ನೆಲ ಒರೆಸುತ್ತಿದ್ದಳು. ಹಿಮಗಾಳಿ ಎದ್ದ ಒಂದು ಶನಿವಾರ, ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡದೆ ರೂಫಸ್ ಬೀಗ ಜಡಿದು ಮನೆಗೆ ಹೋಗಿದ್ದ. ಸೋಮವಾರ ತೆರೆದಾಗ ಅವಳು ಬಾಗಿಲಿಗೆ ಒರಗಿ ಕುಳಿತಲ್ಲೇ ಹೆಪ್ಪುಗಟ್ಟಿದ್ದಳು.

ಅಂದಿನಿಂದ ರೂಫಸ್ ಯಾವ ಕಟ್ಟಡ ಮುಚ್ಚಿದರೂ ಮೇಲಿನ ಮಹಡಿಯಿಂದ ನೆಲಮಾಳಿಗೆಯವರೆಗೆ ನಡೆಯುತ್ತಿದ್ದ. ಪ್ರತಿ ಬಾಗಿಲಿಗೆ ಮೂರು ಏಟು. "ಬೀಗ ಬೀಳ್ತಾ ಇದೆ! ಯಾರಿದ್ದೀರಿ?" ಬಾಯ್ಲರ್ ಕೋಣೆಯಲ್ಲಿ ಅವನ ಕೈಕೆಳಗೆ ಕೆಲಸ ಕಲಿತ ನಾವೆಲ್ಲ ಅದನ್ನೂ ಕಲಿತೆವು.

ಆ ರೂಫಸ್ ಏಳು ವಾರದಿಂದ ಕಾಣೆ. ಅವನು ಮುಚ್ಚಿದ ಕೊನೆಯ ಕಟ್ಟಡ ಇವತ್ತು ಮಧ್ಯಾಹ್ನ ಒಂದಕ್ಕೆ ನೆಲಕ್ಕೆ ಬೀಳಲಿತ್ತು.

*

"ಬರ್ನಿ, ಎಷ್ಟು ಹೊತ್ತು ಅದನ್ನೇ ನೋಡ್ತಾ ನಿಲ್ತೀಯೇ? ಬೆಂಕಿ ಆರಿಸೋ ಸಿಲಿಂಡರ್ ಅದು, ಮದುವೆ ಗಂಡಲ್ಲ."

ಕಟ್ಟಡ ಕೆಡವುವ ತಂಡದ ಮೇಸ್ತ್ರಿ ಗಸ್ ಪಪ್ಪಾಸ್ ನನ್ನ ಹಿಂದೆ ನಿಂತು ಕಾಲು ಕುಟ್ಟುತ್ತಿದ್ದ. ಬೆಳಗಿನ ಒಂಬತ್ತೂವರೆ. ಕೌಂಟಿ ಆಸ್ಪತ್ರೆಯ ಹಳೇ ಲಾಂಡ್ರಿ ಕಟ್ಟಡದ ಎರಡನೇ ಮಹಡಿ. ಡಿಸೆಂಬರಿನಲ್ಲೇ ಕರೆಂಟು ಕಡಿದಿದ್ದರು, ಪೈಪುಗಳ ನೀರನ್ನೂ ಬಸಿದಿದ್ದರು. ನಮ್ಮ ಉಸಿರು ಹೊಗೆಯಾಗಿ ಟಾರ್ಚಿನ ಬೆಳಕಿಗೆ ಅಡ್ಡ ಬರುತ್ತಿತ್ತು.

"ಗಸ್, ಈ ಚೀಟಿ ನೋಡು."

ಸಿಲಿಂಡರಿನ ಕತ್ತಿಗೆ ಕಟ್ಟಿದ ಹಳದಿ ಚೀಟಿ. ಹಿಂಬದಿಯಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಚೌಕಗಳು. ಕಟ್ಟಡ ನೋಡಿಕೊಳ್ಳುವವನು ತಿಂಗಳಿಗೊಮ್ಮೆ ಬಂದು, ಸಿಲಿಂಡರ್ ತಲೆಕೆಳಗು ಮಾಡಿ, ಒಳಗಿನ ಪುಡಿ ಗಟ್ಟಿಯಾಗದಂತೆ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ತಾರೀಖು ಬರೆದು ಇನಿಷಿಯಲ್ ಹಾಕಬೇಕು. ಜನವರಿ ಎರಡು, ಆರ್.ಟಿ. ಫೆಬ್ರವರಿ ಆರು, ಆರ್.ಟಿ. ಮಾರ್ಚ್ ಆರು, ಆರ್.ಟಿ.

"ಅದಕ್ಕೇನೀಗ?"

"ರೂಫಸ್ ಕಾಣೆಯಾಗಿದ್ದು ಜನವರಿ ಇಪ್ಪತ್ತಕ್ಕೆ."

ಗಸ್ ಕಾಲು ಕುಟ್ಟುವುದನ್ನು ನಿಲ್ಲಿಸಿದ. ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಹೋದ ಶುಕ್ರವಾರ ಇಲ್ಲಿಗೆ ಬಂದಿದ್ನಾ? ಬೀಳೋ ಕಟ್ಟಡದ ಸಿಲಿಂಡರ್ ತಟ್ಟೋಕೆ? ಮುಳುಗೋ ದೋಣಿಗೆ ಬಣ್ಣ ಹೊಡೆಯೋನು ನಾನು ಎಲ್ಲೂ ನೋಡಿಲ್ಲಮ್ಮ."

"ರೂಫಸ್‌ನ ನೋಡಿಲ್ವಾ?"

"ಅದೂ ನಿಜ ಅನ್ನು. ಆ ಮುದುಕ ಬಣ್ಣ ಹೊಡೀತಾನೆ."

ಮೂರನೇ ಮಹಡಿಯಲ್ಲಿ ನಾಲ್ಕು ಸಿಲಿಂಡರ್, ಎರಡನೆಯದರಲ್ಲಿ ಮೂರು. ಎಲ್ಲದರಲ್ಲೂ ಅದೇ ತಾರೀಖು, ಅದೇ ಮೊಂಡು ಪೆನ್ಸಿಲಿನ ಗೀಟು, ಟಿ ಅಕ್ಷರದ ತಲೆ ಎಡಕ್ಕೆ ವಾಲಿದ್ದು. ಇದು ಅವನ ಕೈ. ಬೇರೆಯವರು ಹಾಕಿದ್ದರೆ ಅಕ್ಷರ ನಕಲು ಮಾಡಬಹುದಿತ್ತು; ಆದರೆ ಒಂದೊಂದನ್ನೂ ಎತ್ತಿ ಅಲುಗಿಸಿ ನೋಡಿದೆ, ಪುಡಿ ಹಿಟ್ಟಿನಂತೆ ಸರಸರ ಹರಿದಾಡಿತು. ನಕಲು ಮಾಡುವವನು ಸಿಲಿಂಡರ್ ಯಾಕೆ ತಟ್ಟುತ್ತಾನೆ?

ಹಾಗಾದರೆ ರೂಫಸ್ ಬದುಕಿದ್ದಾನೆ. ಬದುಕಿದ್ದರೆ ಮನೆಗೆ ಯಾಕೆ ಹೋಗಿಲ್ಲ? ಅವನ ಅಕ್ಕ ಒಡೆಸ್ಸಾ ದಿನಾ ಒಂದು ತಟ್ಟೆ ಹೆಚ್ಚಿಗೆ ಹಾಕಿ ಕಾಯುತ್ತಿದ್ದಾಳೆ. ನನ್ನ ಕೈಗೆ ಸಿಹಿಗೆಣಸಿನ ಪೈ ತಿಂಡಿ ಇಟ್ಟು, "ಪೊಲೀಸರು ಕೈಬಿಟ್ರು ಮಗಳೇ, ನೀನು ಬಿಡಬೇಡ" ಎಂದಿದ್ದವಳು ಅವಳೇ. ಬಾಯ್ಲರ್ ಬಿಟ್ಟು ಕಟ್ಟಡ ತಪಾಸಣೆಗೆ ಹೋಗಿ, ಅದನ್ನೂ ಬಿಟ್ಟು ಈಗ ಸ್ವಂತವಾಗಿ ಪತ್ತೆ ಕೆಲಸ ಮಾಡುವ ನನಗೆ, ಇದಕ್ಕಿಂತ ದೊಡ್ಡ ಫೀಸು ಯಾರೂ ಕೊಟ್ಟಿಲ್ಲ.

ಪೊಲೀಸರು ಕೈಬಿಟ್ಟಿದ್ದಕ್ಕೆ ಕಾರಣ ಒಂದೇ ಒಂದು ಹಾಳೆ. ಅದರ ಪ್ರತಿ ನನ್ನ ಜೇಬಿನಲ್ಲೇ ಇತ್ತು. ಈ ಕಟ್ಟಡ ಖಾಲಿ ಇದೆ, ಪ್ರತಿ ಕೋಣೆಯನ್ನೂ ನಡೆದು ನೋಡಿದ್ದೇನೆ ಎನ್ನುವ ಖಾಲಿ ಪತ್ರ. ಫೆಬ್ರವರಿ ಹನ್ನೊಂದು. ಕೆಳಗೆ ರೂಫಸ್ ಟಾಲಿವರ್ ಎಂಬ ನೀಲಿ ಸಹಿ. ಸಾಕ್ಷಿ, ಸರ್ಕಾರಿ ಕಟ್ಟಡಗಳ ಉಸ್ತುವಾರಿಗೆ ಪಾಲುದಾರರಾದ ಬೆಲ್ವಿಕ್ ಕಂಪನಿಯ ಪ್ರೆಸ್ಟನ್ ಹೇಗ್. ಫೆಬ್ರವರಿಯಲ್ಲಿ ಕೆಲಸದ ಕಾಗದಕ್ಕೆ ಸಹಿ ಹಾಕಿದವನು ಕಾಣೆಯಾದವನಲ್ಲ, ತಾನಾಗಿ ಮನೆ ಬಿಟ್ಟವನು ಎಂದು ಪೊಲೀಸರು ಕಡತ ಮುಚ್ಚಿದರು.

ಪತ್ರವನ್ನೂ ಚೀಟಿಯನ್ನೂ ಪಕ್ಕಪಕ್ಕ ಹಿಡಿದೆ. ಎರಡೂ ರೂಫಸ್ ಇದ್ದಾನೆ ಎನ್ನುತ್ತಿದ್ದವು. ಆದರೂ ಎರಡಕ್ಕೂ ಹೊಂದಿಕೆಯಿಲ್ಲ ಎಂದು ಮನಸ್ಸು ಕೆರೆಯುತ್ತಿತ್ತು. ಏನೆಂದು ಮಾತ್ರ ಹೊಳೆಯಲಿಲ್ಲ.

"ನೆಲಮಾಳಿಗೆ ನೋಡ್ಬೇಕು ಗಸ್."

"ಆಗಲ್ಲ. ಅಲ್ಲಿಗೆ ಬೆಲ್ವಿಕ್ ಕಂಪನಿಯವರ ಕಾಗದ ಬೇಕು. ನಮ್ಮವರೂ ಇಳಿದಿಲ್ಲ. ಖಾಲಿ ಅಂತ ಪತ್ರ ಇದೆಯಲ್ಲ."

"ನಿಮ್ಮವರೂ ಇಳಿದಿಲ್ವಾ?"

"ಪತ್ರ ಇದೆಯಲ್ಲ ಅಂದೆ."

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮಗಳು ಟೆಸ್: 'ಅಮ್ಮಾ, ಟ್ರೊಂಬೋನ್ ನಿನ್ನ ಕಾರಲ್ಲೇ ಉಳೀತು. ಮೂರು ಗಂಟೆಗೆ ಶಾಲೆ ಬ್ಯಾಂಡ್ ಕಾರ್ಯಕ್ರಮ. ಮರೀಬೇಡ ಪ್ಲೀಸ್.'

ಕೀಗೊಂಚಲಿಗಾಗಿ ತಡಕಿದೆ. ಮನೆ ಕೀ, ಕಾರಿನ ಕೀ, ಇವುಗಳ ನಡುವೆ ಸವೆದ ಒಂದು ಹಿತ್ತಾಳೆ ಕೀ. ನಾನು ಬಾಯ್ಲರ್ ಕೆಲಸ ಬಿಟ್ಟ ದಿನ ರೂಫಸ್ ಕೊಟ್ಟದ್ದು. ಅವನ ಸ್ವಂತ ಬೀಗಗಳಿಗೆಲ್ಲ ಒಂದೇ ಕೀ. "ನೀನು ಎಲ್ಲೇ ಹೋಗು ಬರ್ನಿ, ನನ್ನ ಬಾಗಿಲು ನಿನಗೆ ತೆರೆದೇ ಇರುತ್ತೆ" ಎಂದಿದ್ದ.

*

ಹಳೇ ಕೌಂಟಿ ಭವನದ ನಾಲ್ಕನೇ ಮಹಡಿಯಲ್ಲಿ ಜಂಟಿ ಆಸ್ತಿ ಕಚೇರಿ. ಅರ್ಧ ಸರ್ಕಾರದ್ದು, ಅರ್ಧ ಬೆಲ್ವಿಕ್‌ನವರದ್ದು. ಗೋಡೆ ತುಂಬ ಊರಿನ ನಕ್ಷೆ, ಅದರಲ್ಲಿ ಮೂವತ್ತೆಂಟು ಕಟ್ಟಡಗಳಿಗೆ ಮೂವತ್ತೆಂಟು ಗುಂಡುಪಿನ್ನು. ಹಸಿರು ಅಂದರೆ ಇಟ್ಟುಕೊಳ್ಳುವುದು. ಹಳದಿ, ಬಾಡಿಗೆಗೆ ಕೊಡುವುದು. ನೀಲಿ, ಕಂಪನಿಯ ಕೈಗೆ ಒಪ್ಪಿಸುವುದು. ಕೆಂಪು, ಕೆಡವುವುದು.

ಈ ಪಿನ್ನುಗಳನ್ನು ಚುಚ್ಚಿದವಳು ಸರ್ಕಾರದ ಆಸ್ತಿ ಮುಖ್ಯಸ್ಥೆ ಐರೀನ್ ಸೊಕೋಲ್. ಒಂದೊಂದು ಕಟ್ಟಡಕ್ಕೂ ಮೂರು ಪ್ರಶ್ನೆ ಕೇಳಬೇಕು ಎನ್ನುತ್ತಿದ್ದಳು: ನೀನು ಯಾರಿಗಾಗಿ ಇದ್ದೀಯ? ನಿನ್ನ ಹೊಟ್ಟೆಗೆಷ್ಟು ಬೇಕು? ನೀನು ಹೋದರೆ ಅಳುವವರು ಯಾರು? ಎಲ್ಲರನ್ನೂ 'ಕಂದಾ' ಎಂದೇ ಕರೆಯುವವಳು. ಅರವತ್ತಾರರ ರೂಫಸ್ ಕೂಡ ಅವಳ ಬಾಯಲ್ಲಿ ಕಂದನೇ. ಜನವರಿಯಿಂದ ಅನಾರೋಗ್ಯದ ರಜೆ, ಅರಿಝೋನಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ಏನು ಕೇಳಿದರೂ ಮೇಲ್‌ನಲ್ಲೇ ಉತ್ತರ. ನನಗೂ ಎರಡು ಬಂದಿದ್ದವು. 'ಮಾನ್ಯ ಮಿಸ್ ಕೊಸ್ಲೋ ಅವರಿಗೆ' ಎಂದು ಶುರುವಾಗುವಂಥವು. ಕಾಯಿಲೆ ಮನುಷ್ಯರನ್ನು ಎಷ್ಟು ದೂರ ಮಾಡುತ್ತದೆ ಎಂದುಕೊಂಡಿದ್ದೆ.

ಲಾಂಡ್ರಿ ಕಟ್ಟಡದ ಮೇಲೆ ಕೆಂಪು ಪಿನ್ನು. ಅದರ ಪಕ್ಕದ ಕಾಗದ ಮಾತ್ರ ಹಳದಿ ಕಲೆ ಹಿಡಿದಿತ್ತು. ವರ್ಷಗಟ್ಟಲೆ ಅಲ್ಲಿದ್ದದ್ದು ಹಳದಿ ಪಿನ್ನು, ಅದರ ಬಣ್ಣ ಕಾಗದಕ್ಕೆ ಇಳಿದಿತ್ತು.

"ಮಿಸ್ ಕೊಸ್ಲೋ, ಮತ್ತೆ ನೀವಾ?" ಪ್ರೆಸ್ಟನ್ ಹೇಗ್ ಎದ್ದು ನಿಂತ. ಬೆಲ್ವಿಕ್‌ನವರು ಮರಳುಗಾಡಿನ ಊರಿನಿಂದ ಕರೆತಂದ ಮೂವತ್ತರ ಹುಡುಗ. ತೆಳ್ಳನೆ ಕೋಟು, ತೆಳ್ಳನೆ ನಗು. "ಹನ್ನೆರಡಕ್ಕೆ ನನಗೆ ಮೀಟಿಂಗ್ ಇದೆ."

"ನನಗೆ ಮೂರಕ್ಕೆ ಟ್ರೊಂಬೋನ್ ಇದೆ. ಬೇಗ ಮುಗಿಸೋಣ. ಈ ಪತ್ರಕ್ಕೆ ರೂಫಸ್ ಸಹಿ ಹಾಕಿದ್ದು ಎಲ್ಲಿ?"

"ಹೇಳಿದ್ದೀನಲ್ಲ. ಕಟ್ಟಡದಲ್ಲೇ. ಇಬ್ಬರೂ ಮೇಲಿಂದ ಕೆಳಗೆ ನಡೆದ್ವಿ. ಮೆಟ್ಟಿಲ ಹತ್ರ ನಿಂತು ಸಹಿ ಹಾಕಿದ್ರು."

"ಯಾವ ಪೆನ್ನಲ್ಲಿ?"

"ನನ್ನ ಪೆನ್ನೇ. ಇದೇ."

ಜೆಲ್ ಶಾಯಿಯ ನೀಲಿ ಪೆನ್ನು. ಕೈ ಚಾಚಿದೆ, ಕೊಟ್ಟ. ನಾನು ಕಿಟಕಿ ಎತ್ತಿ, ಪೆನ್ನನ್ನು ಹೊರಗಿನ ಕಲ್ಲುಕಟ್ಟೆಯ ಮೇಲಿಟ್ಟು, ಕಿಟಕಿ ಇಳಿಸಿದೆ.

"ಏನ್ಮಾಡ್ತಾ ಇದೀರಿ?"

"ಸ್ವಲ್ಪ ತಣ್ಣಗಾಗ್ಲಿ. ರೂಫಸ್ ಅವತ್ತು ಏನು ಹಾಕ್ಕೊಂಡಿದ್ರು?"

"ಕೋಟು. ಟೋಪಿ. ಎಲ್ಲರ ಹಾಗೆ."

"ಏನಾದ್ರೂ ಮಾತಾಡಿದ್ರಾ?"

"ಚಳಿ ಅಂದ್ರು."

"ರೂಫಸ್ ಚಳಿ ಅಂದ್ರಾ!" ನಗು ತಡೆಯಲಾಗಲಿಲ್ಲ. "ಜನವರಿಯಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ತೂತು ಕೊರೆದು ಮೀನು ಹಿಡಿಯೋ ಮುದುಕ ಕಣ್ರೀ ಅವನು. ಬಾಗಿಲು ಬಡಿದ್ರಾ?"

"ಏನು?"

"ಒಂದೊಂದು ಬಾಗಿಲಿಗೂ ಮೂರು ಸಲ. ಕೂಗಿದ್ರಾ?"

ಹೇಗ್ ನನ್ನ ಮುಖವನ್ನು ನೋಡಿದ, ಯಾವ ಉತ್ತರ ಸರಿಯೆಂದು ಅಲ್ಲಿ ಬರೆದಿದೆಯೇನೋ ಎಂಬಂತೆ. "ಹೌದು. ಬಡಿದ ನೆನಪು."

ಕಲಿತು ಬಂದ ಸುಳ್ಳೋ, ನಿಜವೋ, ನಾನೇ ಬಾಯಿಗಿಟ್ಟ ತುತ್ತೋ ತಿಳಿಯಲಿಲ್ಲ. ಪೆನ್ನು ತಣ್ಣಗಾಗಲೆಂದು ಕಾದು ಕುಳಿತೆ. ಅವನೂ ಕುಳಿತ. ಗೋಡೆ ಗಡಿಯಾರ ಹನ್ನೊಂದೂ ಹತ್ತರಿಂದ ಹನ್ನೊಂದೂ ಇಪ್ಪತ್ತೈದಕ್ಕೆ ನಡೆಯಿತು. ಅಷ್ಟರಲ್ಲಿ ಅವನು ಎರಡು ಸಲ ಟೈ ಸಡಿಲ ಮಾಡಿಕೊಂಡ.

ಎದ್ದು ಕಿಟಕಿ ಎತ್ತಿ ಪೆನ್ನು ತಂದೆ. ಬೆರಳಿಗೆ ಅಂಟುವಷ್ಟು ತಣ್ಣಗಿತ್ತು. "ತಗೊಳ್ಳಿ. ಈ ಹಾಳೆ ಮೇಲೆ ನಿಮ್ಮ ಹೆಸರು ಬರೀರಿ."

"ಇದೇನು ಮಕ್ಕಳಾಟ?"

"ಬರೀರಿ."

ಬರೆದ. ಹಾಳೆಯ ಮೇಲೆ ಉಗುರಿನಿಂದ ಗೀರಿದಂತೆ ಬಿಳಿ ಗೆರೆಗಳು. ಒತ್ತಿ ಬರೆದ. ಹಾಳೆ ಹರಿಯಿತು, ನೀಲಿ ಬರಲಿಲ್ಲ.

"ಇವತ್ತು ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್ ಹೀಟ್, ನೀರು ಕಲ್ಲಾಗೋ ಚಳಿ. ಫೆಬ್ರವರಿ ಹನ್ನೊಂದಕ್ಕೆ ಸೊನ್ನೆಗಿಂತ ನಾಲ್ಕು ಕೆಳಗೆ. ಚಳಿಗೆ ಊರಿನ ಶಾಲೆಗಳೆಲ್ಲ ರಜೆ. ಮಗಳು ಮನೇಲಿದ್ಲು, ಮಧ್ಯಾಹ್ನದವರೆಗೆ ದೋಸೆಕಲ್ಲಿನ ಮುಂದೆ ನಿಲ್ಲಿಸಿ ಪ್ಯಾನ್‌ಕೇಕ್ ಹುಯ್ಯಿಸಿಕೊಂಡ್ಲು, ಅದಕ್ಕೇ ನೆನಪು. ಬೆಂಕಿಯಿಲ್ಲದ ಕಟ್ಟಡದಲ್ಲಿ ಪೆನ್ನು ಬರೆಯಲ್ಲ ಹೇಗ್. ಈ ಊರಲ್ಲಿ ಕಟ್ಟಡ ನೋಡ್ಕೊಳ್ಳೋ ಯಾರನ್ನೇ ಕೇಳಿ, ಚಳಿಗಾಲದಲ್ಲಿ ಕಿವಿ ಮೇಲೆ ಪೆನ್ಸಿಲ್ ಇರುತ್ತೆ. ರೂಫಸ್ ನಲವತ್ತು ವರ್ಷದಿಂದ ಪೆನ್ಸಿಲಲ್ಲೇ ಬರೆದವನು."

ಹೊಂದಿಕೆಯಾಗದೆ ಕೆರೆಯುತ್ತಿದ್ದುದು ಅದೇ. ಚೀಟಿಯಲ್ಲಿ ಪೆನ್ಸಿಲ್, ಪತ್ರದಲ್ಲಿ ಶಾಯಿ. ಬಾಯಿಂದ ಆಡಿದ ಮೇಲೆಯೇ ನನಗೂ ಪೂರ್ತಿ ತಿಳಿದದ್ದು.

ಹೇಗ್ ಹರಿದ ಹಾಳೆಯನ್ನು ಮಡಚಿಟ್ಟ. ಆಮೇಲೆ, "ಕಾರಲ್ಲಿ ಹಾಕ್ದೆ" ಎಂದ. "ಹೀಟರ್ ಹಚ್ಕೊಂಡು. ನಾನೇ."

"ರೂಫಸ್‌ನ ನೀವು ನೋಡೇ ಇಲ್ಲ."

"ಇಲ್ಲ."

"ಯಾಕ್ರೀ?"

ಅವನು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಐರೀನ್ ಹೆಸರಿನ ಮೇಲ್. 'ಮಾನ್ಯ ಪ್ರೆಸ್ಟನ್ ಹೇಗ್ ಅವರಿಗೆ. ಲಾಂಡ್ರಿ ಕಟ್ಟಡದ ಬಣ್ಣ ಕೆಂಪಿಗೆ ಬದಲಾಗಿದೆ. ಖಾಲಿ ಪತ್ರ ಈ ವಾರವೇ ಬೇಕು. ಟಾಲಿವರ್ ಸಿಗದಿದ್ದರೆ ಅವರ ಪರವಾಗಿ ನೀವೇ ಸಹಿ ಮಾಡಿ.'

ಎರಡು ಸಲ ಓದಿದೆ. ಒಂದು ಕಟ್ಟಡ ಕೆಡವುವ ಮುನ್ನ ಆ ಬೀದಿಯವರನ್ನೆಲ್ಲ ಕರೆದು ಕಾಫಿ ಕೊಟ್ಟು ಕೇಳುತ್ತಿದ್ದ ಹೆಂಗಸು ಐರೀನ್. ಕಳ್ಳ ಸಹಿ ಹಾಕು ಎನ್ನುತ್ತಾಳೆಯೇ? ಮೊದಲೇ ಗೋಜಲಾಗಿದ್ದ ನೂಲಿಗೆ ಇನ್ನೊಂದು ಗಂಟು ಬಿತ್ತು.

"ಒಳಗಾದ್ರೂ ಹೋಗಿದ್ರಾ?"

"ಹೋಗಿದ್ದೆ. ದೇವರಾಣೆ. ನೆಲಮಾಳಿಗೆವರೆಗೆ. ಕೊನೇ ಬಾಗಿಲಿಗೆ ಹಿತ್ತಾಳೆ ಬೀಗ ಇತ್ತು. ನಮ್ಮ ಪಟ್ಟಿಯಲ್ಲಿ ಆ ಬೀಗ ಇಲ್ಲ, ನನ್ನ ಹತ್ರ ಕೀ ಇಲ್ಲ. ವಾಪಸ್ ಬಂದೆ."

"ಬೀಗ ಹಾಕಿದ ಕೋಣೆ ಖಾಲಿ ಅಂತ ಹೇಗೆ ಬರೆದ್ರಿ?"

"ಹೊರಗಿಂದ ಬೀಗ ಹಾಕಿದ್ರೆ ಒಳಗೆ ಯಾರಿರ್ತಾರೆ?" ಅವನ ದನಿ ತೀರ ಸಣ್ಣದಾಗಿತ್ತು. "ಸದ್ದೇನೋ ಬಂತು. ಟಣ್, ಟಣ್, ಟಣ್ ಅಂತ. ಪೈಪಿಂದು ಅಂದ್ಕೊಂಡೆ. ಹಳೇ ಕಟ್ಟಡಗಳಲ್ಲಿ ಪೈಪು ಸದ್ದು ಮಾಡುತ್ತಲ್ವಾ?"

"ಎಷ್ಟು ಸಲ?"

"ಮೂರು."

"ಹೇಗ್," ಎಂದೆ. ಕಾರಿನ ಕೀ ಆಗಲೇ ನನ್ನ ಕೈಯಲ್ಲಿತ್ತು. "ಆ ಕಟ್ಟಡದ ಪೈಪುಗಳನ್ನ ಡಿಸೆಂಬರಿನಲ್ಲೇ ಬಸಿದಿದ್ದಾರೆ. ಖಾಲಿ ಪೈಪು ಸದ್ದು ಮಾಡಲ್ಲ."

*

ಗಸ್‌ಗೆ ಫೋನು ಮಾಡಿದೆ, ಎತ್ತಲಿಲ್ಲ. ಹೇಗ್ ಮಾಡಿದ, ಎತ್ತಲಿಲ್ಲ. ಯಂತ್ರದ ಪಕ್ಕ ನಿಂತವನಿಗೆ ಫೋನೆಲ್ಲಿ ಕೇಳೀತು? ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಹೇಗ್ ಕೋಟು ಕೂಡ ಹಾಕಿಕೊಳ್ಳದೆ ಹಿಂದೆ ಓಡಿ ಬಂದು ನನ್ನ ಕಾರು ಹತ್ತಿದ. ಕೆರೆಯ ಕಡೆಯಿಂದ ಹಿಮ ಶುರುವಾಗಿತ್ತು. ಸೇತುವೆಯ ಮೇಲೆ ಹಿಮ ಕರಗಿಸಲು ಉಪ್ಪು ಎರಚುವ ಲಾರಿ ಅಡ್ಡ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಟ್ರೊಂಬೋನಿನ ಪೆಟ್ಟಿಗೆ ತಿರುವು ಬಂದಾಗಲೆಲ್ಲ ದಢಾರೆಂದು ಬಾಗಿಲಿಗೆ ಬಡಿಯುತ್ತಿತ್ತು.

ಹನ್ನೆರಡೂ ಮುಕ್ಕಾಲಿಗೆ ತಲುಪಿದೆವು. ಯಂತ್ರದ ಉದ್ದನೆ ಕೈ ಆಗಲೇ ಮೇಲೆದ್ದಿತ್ತು. ನಾನು ಅದರ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತೆ.

"ಹುಚ್ಚು ಹಿಡೀತೇನೇ ನಿಂಗೆ?" ಗಸ್ ಓಡಿ ಬಂದ.

"ಆ ಪತ್ರ ಸುಳ್ಳು ಗಸ್. ಯಾರೂ ನಡೆದು ನೋಡಿಲ್ಲ. ಇವನೇ ಸಹಿ ಹಾಕಿದ್ದು."

ಗಸ್ ಹೇಗ್‌ನ ಮುಖ ನೋಡಿದ. ಹೇಗ್ ಹಿಮದಲ್ಲಿ ನಡುಗುತ್ತ ತಲೆಯಾಡಿಸಿದ. ಗಸ್ ತನ್ನ ಭಾಷೆಯಲ್ಲಿ ಏನೋ ಬೈದು, ಕೈ ಎತ್ತಿ ಯಂತ್ರ ನಿಲ್ಲಿಸಿದ. ಆ ನಿಶ್ಶಬ್ದ ಕಿವಿಗೆ ನೋಯುವಷ್ಟಿತ್ತು.

"ನಡಿ," ಎಂದ. ಟಾರ್ಚು ಅವನೇ ಹಿಡಿದ.

ನೆಲಮಾಳಿಗೆಯ ಮೆಟ್ಟಿಲ ಮೇಲೆ ಹಿಮದ ಪುಡಿ. ಅದರ ಮೇಲೆ ಹೆಜ್ಜೆಗಳು, ಇಳಿದದ್ದು, ಹತ್ತಿದ್ದು, ಒಂದೇ ಜೋಡಿ ಬೂಟಿನವು. ಹಜಾರದ ಕೊನೆಯಲ್ಲಿ ಕಬ್ಬಿಣದ ಬಾಗಿಲು. ಒಂದು ಕಾಲದಲ್ಲಿ ಆಸ್ಪತ್ರೆಯ ಹಬೆಯ ಪೈಪು ಈ ಕೋಣೆಯ ಮೂಲಕವೇ ಹಾದು ಪಕ್ಕದ ಹೊಸ ಕಟ್ಟಡಕ್ಕೆ ಹೋಗುತ್ತಿತ್ತು. ಕೈಗವಸು ಕಳಚಿ ಬಾಗಿಲು ಮುಟ್ಟಿದೆ.

ಬೆಚ್ಚಗಿತ್ತು.

"ಗಸ್, ಈ ಪೈಪು ಇನ್ನೂ ಜೀವಂತ ಇದೆ. ಯಾರೋ ಇದೊಂದನ್ನ ಮುಚ್ಚದೆ ಬಿಟ್ಟಿದ್ದಾರೆ."

ಚಿಲಕಕ್ಕೆ ಹಿತ್ತಾಳೆ ಬೀಗ. ತಿರುಗಿಸಿ ಹಿಂಬದಿ ನೋಡಿದೆ. ಮೊಳೆಯಿಂದ ಕುಟ್ಟಿದ ಎರಡು ಅಕ್ಷರ, ಟಿ-ಯ ತಲೆ ಎಡಕ್ಕೆ ವಾಲಿದ್ದು. ಬಾಗಿಲ ಪಕ್ಕದ ಕೊಕ್ಕೆಯಲ್ಲಿ ಇನ್ನೊಂದು ಸಿಲಿಂಡರ್, ಅದರ ಕತ್ತಿಗೆ ಹಳದಿ ಚೀಟಿ. ಮಾರ್ಚ್ ಆರರ ಕೆಳಗೆ ಇನ್ನೊಂದು ಗೀಟು ಇತ್ತು. ಮಾರ್ಚ್ ಹನ್ನೆರಡು. ನಿನ್ನೆ.

ಬಂದು ಹೋಗುತ್ತಿರುವವನು ರೂಫಸ್. ಹಾಗಿದ್ದರೆ ಒಳಗಿರುವವನು ರೂಫಸ್ ಅಲ್ಲ. ಮತ್ತೆ ಈ ಬೀಗ?

ಕೀ ಬೀಗದ ಹತ್ತಿರ ಒಯ್ದೆ. ಆದರೆ ಕೈ ತಾನಾಗಿ ಮುಷ್ಟಿಯಾಯಿತು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ. ಮೂರು ಏಟು ಹಾಕಿದೆ.

"ಬೀಗ ತೆಗೀತಾ ಇದೀನಿ! ಯಾರಿದ್ದೀರಿ?"

ಏನೂ ಇಲ್ಲ. ಹೇಗ್‌ನ ಹಲ್ಲು ಕಟಕಟ ಎನ್ನುವುದಷ್ಟೇ ಕೇಳುತ್ತಿತ್ತು.

ಆಮೇಲೆ ಒಳಗಿನಿಂದ, ಕಬ್ಬಿಣದ ಮೇಲೆ ಕಬ್ಬಿಣ: ಟಣ್. ಟಣ್. ಟಣ್.

ಮತ್ತು ಒಂದು ಹೆಂಗಸಿನ ದನಿ, ಕೆಮ್ಮಿನ ನಡುವೆ, ತೀರ ಮೆಲ್ಲಗೆ:

"ರೂಫಸ್? ಹಗಲು ಹೊತ್ತು ಯಾಕೆ ಬಂದೆ ಕಂದಾ? ಅವರು ಹೋದ್ರಾ?"

ಗಸ್‌ನ ಕೈಯ ಟಾರ್ಚು ಬೀಗದ ಕಡೆ ತಿರುಗಿತು. ಹೇಗ್ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದ. ಆ ದನಿ ನಮ್ಮ ಮೂವರಿಗೂ ಗೊತ್ತಿತ್ತು. ಏಳು ವಾರದಿಂದ ಅರಿಝೋನಾದಿಂದ ಮೇಲ್ ಬರೆಯುತ್ತಿದ್ದಾಳೆಂದು ನಾವು ನಂಬಿದ್ದ ಐರೀನಳ ದನಿ ಅದು; ಆ ಮೇಲುಗಳನ್ನು ಬರೆದವರು ಬೇರೆ ಯಾರೋ.

ಬೀಗ ರೂಫಸ್‌ನದು. ಹಾಕಿದವನೂ ರೂಫಸ್. ಅದರ ಹಿಂದೆ, ಅವನು ಯಾರಿಂದಲೋ ಅಡಗಿಸಿಟ್ಟ ಒಂದು ಜೀವ ಇತ್ತು.

ಆ ಮುದುಕಿಗೆ ಕೊಟ್ಟ ಮಾತನ್ನು ರೂಫಸ್ ಟಾಲಿವರ್ ಮುರಿದಿದ್ದ.